ನಾಣ್ಯ ಯಾರದು? ಸ್ವಾತಂತ್ರ್ಯವಾದಿ ಅರ್ಥಚಿಂತನೆ ಮತ್ತು ಧರ್ಮಸಭೆಯ ಸಾಮಾಜಿಕ ಬೋಧನೆ

ಕಳ್ಳ ತಕ್ಕಡಿಯನ್ನೂ ಸುಳ್ಳು ಅಳತೆಯನ್ನೂ ಪವಿತ್ರ ಗ್ರಂಥವು ಕೇವಲ ವ್ಯಾಪಾರದ ದೋಷವೆಂದು ಕಾಣುವುದಿಲ್ಲ. ದೇವರ ವಿರುದ್ಧ ಎಸಗಿದ ಪಾಪವೆಂದೇ ಎಣಿಸುತ್ತದೆ. ಯಾಜಕಕಾಂಡದ 19ನೆಯ ಅಧ್ಯಾಯವು ನ್ಯಾಯವಾದ ತೂಕವನ್ನು ಈಜಿಪ್ಟಿನ ಬಿಡುಗಡೆಯೊಂದಿಗೇ ಜೋಡಿಸಿ ಹೇಳುತ್ತದೆ. ಅಳತೆಯನ್ನು ಕಿರಿದು ಮಾಡಿ, ಬೆಲೆಯನ್ನು ಹಿರಿದು ಮಾಡಿ ಬಡವರನ್ನು ನುಂಗುವ ವರ್ತಕರನ್ನು ಪ್ರವಾದಿ ಆಮೋಸನು ಖಂಡಿಸುತ್ತಾನೆ. ಜೆರುಸಲೇಮಿನ ಅಧಃಪತನವನ್ನು ಬಣ್ಣಿಸುವಾಗ ಪ್ರವಾದಿ ಯೆಶಾಯನು ಕಿಟ್ಟವಾಗಿ ಹೋದ ಬೆಳ್ಳಿಯ ರೂಪಕವನ್ನು ಬಳಸುತ್ತಾನೆ. ಹಣವೂ ಒಂದು ಅಳತೆಯೇ. ವರ್ತಕನ ಕೈಯಲ್ಲಿರುವ ತಕ್ಕಡಿಯನ್ನು ರಾಜ್ಯವು ಪರೀಕ್ಷಿಸಬಹುದು. ಆದರೆ ಅಳತೆಯೇ ರಾಜ್ಯದ ಕೈಯಲ್ಲಿರುವಾಗ ಅದನ್ನು ಪರೀಕ್ಷಿಸುವವರು ಯಾರು?

ಈ ಪ್ರಶ್ನೆಯನ್ನು ಇಂದು ಅತ್ಯಂತ ಪಟ್ಟುಹಿಡಿದು ಕೇಳುತ್ತಿರುವವರು ಮುಕ್ತ ಮಾರುಕಟ್ಟೆಯ ಸ್ವಾತಂತ್ರ್ಯವಾದಿಗಳು, ಅಂದರೆ ಲಿಬರ್ಟೇರಿಯನ್ ಚಿಂತಕರು. ಅವರ ಮಾತು ಅರ್ಥಶಾಸ್ತ್ರದ ಪಾಠಶಾಲೆಗಳನ್ನು ದಾಟಿ, ವಿದ್ಯಾವಂತ ಯುವಜನರ ಮೂಲಕ ನಮ್ಮ ಧರ್ಮಕೇಂದ್ರಗಳನ್ನೂ ಗುರುಮಠಗಳನ್ನೂ ತಲುಪಿದೆ. ಅದನ್ನು ಧನಿಕರ ಸ್ವಾರ್ಥದ ವಾದವೆಂದು ತಳ್ಳಿಹಾಕುವುದು ಸುಲಭ. ಅದನ್ನೇ ಶುಭಸಂದೇಶದ ಅರ್ಥಶಾಸ್ತ್ರವೆಂದು ಅಪ್ಪಿಕೊಳ್ಳುವವರೂ ಇಲ್ಲದಿಲ್ಲ. ಎರಡೂ ಅವಸರದ ತೀರ್ಮಾನಗಳು. ಆ ವಾದವೇನು, ಅದರ ಬೇರುಗಳು ಎಲ್ಲಿವೆ, ಧರ್ಮಸಭೆಯು ಅದರೊಂದಿಗೆ ಎಲ್ಲಿಯವರೆಗೆ ನಡೆಯಬಹುದು, ಎಲ್ಲಿ ನಿಲ್ಲಲೇಬೇಕು ಎಂಬುದನ್ನು ವಿವರಿಸುವುದು ಈ ಲೇಖನದಲ್ಲಿ ನಮ್ಮ ಉದ್ದೇಶ.

1. ವಾದದ ತಿರುಳು

ಸ್ವಾತಂತ್ರ್ಯವಾದದಲ್ಲಿ ಹಲವು ಶಾಖೆಗಳಿವೆ. ಹಣದ ಪ್ರಶ್ನೆಯಲ್ಲಿ ಅತ್ಯಂತ ಪ್ರಭಾವಶಾಲಿಯಾದುದು ಆಸ್ಟ್ರಿಯನ್ ಪಂಥ. 1871ರಲ್ಲಿ ವಿಯೆನ್ನಾದ ಕಾರ್ಲ್ ಮೆಂಗರ್ ಈ ಪಂಥಕ್ಕೆ ಅಡಿಗಲ್ಲು ಹಾಕಿದರು. ವಸ್ತುವಿನ ಮೌಲ್ಯವು ಅದನ್ನು ತಯಾರಿಸಲು ತಗಲಿದ ಶ್ರಮದಲ್ಲಿ ಅಡಗಿಲ್ಲ, ಅದನ್ನು ಬಯಸುವ ಮನುಷ್ಯರ ಗಣನೆಯಲ್ಲಿದೆ ಎಂಬುದು ಅವರ ಮೂಲ ಪ್ರತಿಪಾದನೆ. ಅವರ ನಂತರದ ಲುಡ್ವಿಗ್ ಫಾನ್ ಮೀಸೆಸ್ 1920ರಲ್ಲಿ ಮತ್ತೊಂದು ಹೆಜ್ಜೆ ಮುಂದಿಟ್ಟರು. ಉತ್ಪಾದನಾ ಸಾಧನಗಳೆಲ್ಲವೂ ರಾಜ್ಯದ ವಶವಾದರೆ ಅವುಗಳಿಗೆ ನಿಜವಾದ ಬೆಲೆ ಇರುವುದಿಲ್ಲ. ಬೆಲೆಯಿಲ್ಲದಿದ್ದರೆ ಯಾವುದು ಲಾಭ, ಯಾವುದು ವ್ಯರ್ಥ ಎಂಬ ಲೆಕ್ಕವೇ ಅಸಾಧ್ಯ ಎಂದು ಅವರು ವಾದಿಸಿದರು. ಫ್ರೀಡ್ರಿಕ್ ಹಾಯೆಕ್ 1945ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಇದನ್ನು ವಿಸ್ತರಿಸಿದರು. ಸಮಾಜಕ್ಕೆ ಬೇಕಾದ ತಿಳಿವಳಿಕೆ ಯಾವ ಒಬ್ಬ ಯೋಜಕನ ತಲೆಯಲ್ಲಿಯೂ ಇರುವುದಿಲ್ಲ. ಅದು ಕೋಟ್ಯಂತರ ಜನರಲ್ಲಿ ಚದುರಿಹೋಗಿದೆ. ಬೆಲೆಯು ಆ ಚದುರಿದ ತಿಳಿವಳಿಕೆಯನ್ನು ಒಬ್ಬರಿಂದೊಬ್ಬರಿಗೆ ತಲುಪಿಸುವ ಸಂಕೇತ ಎಂಬುದು ಅವರ ಅಭಿಮತ.

ಇದರಿಂದ ಹೊರಡುವ ರಾಜಕೀಯ ನಿಲುವು ಸರಳ. ಇನ್ನೊಬ್ಬನ ದೇಹ ಮತ್ತು ಆಸ್ತಿಯ ಮೇಲೆ ಯಾರೂ ಬಲಪ್ರಯೋಗ ಮಾಡಬಾರದು. ರಾಜ್ಯವು ಕಾನೂನು, ರಕ್ಷಣೆ, ಒಪ್ಪಂದಗಳ ಪಾಲನೆ ಇವುಗಳಿಗೆ ಮಾತ್ರ ಸೀಮಿತವಾಗಬೇಕು. ಮೀಸೆಸರ ವಿಚಾರಗೋಷ್ಠಿಯಲ್ಲಿ ಬೆಳೆದ ಅಮೆರಿಕದ ಮರೇ ರಾತ್‌ಬಾರ್ಡ್ ಇನ್ನೂ ಮುಂದೆ ಹೋಗಿ, ರಾಜ್ಯವೇ ಅನಗತ್ಯವೆಂದೂ ತೆರಿಗೆಯು ಬಲವಂತದ ಸುಲಿಗೆಯೆಂದೂ ಸಾರಿದರು. ಹಾಯೆಕ್ ಅಷ್ಟು ದೂರ ಹೋಗಲಿಲ್ಲ. 1944ರ ತಮ್ಮ ಗ್ರಂಥದಲ್ಲಿಯೇ ಪ್ರತಿಯೊಬ್ಬರಿಗೂ ಅನ್ನ, ಬಟ್ಟೆ, ವಸತಿಯ ಕನಿಷ್ಠ ಭದ್ರತೆಯನ್ನು ಒದಗಿಸಬಹುದೆಂದು ಅವರು ಒಪ್ಪಿದ್ದರು. ಸ್ವಾತಂತ್ರ್ಯವಾದಿಗಳೆಲ್ಲರೂ ಒಂದೇ ಮಾತು ಹೇಳುತ್ತಾರೆಂದು ಭಾವಿಸುವುದು ತಪ್ಪಾದೀತು.

2. ಕೇಂದ್ರೀಯ ಬ್ಯಾಂಕಿನ ಮೇಲಿನ ಆಕ್ಷೇಪ

ಅಮೆರಿಕದಲ್ಲಿ 1907ರ ಬ್ಯಾಂಕ್ ಬಿಕ್ಕಟ್ಟಿನ ನಂತರ, 1913ರ ಡಿಸೆಂಬರಿನಲ್ಲಿ ಫೆಡರಲ್ ರಿಸರ್ವ್ ಎಂಬ ಕೇಂದ್ರೀಯ ಬ್ಯಾಂಕು ಕಾನೂನಿನ ಮೂಲಕ ಸ್ಥಾಪಿತವಾಯಿತು. ಆಗ ಡಾಲರು ಚಿನ್ನಕ್ಕೆ ಕಟ್ಟಲ್ಪಟ್ಟಿತ್ತು. 1933ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಜನರ ಬಳಿಯಿದ್ದ ಚಿನ್ನದ ನಾಣ್ಯಗಳನ್ನೂ ಗಟ್ಟಿಗಳನ್ನೂ ಒಪ್ಪಿಸುವಂತೆ ಆಜ್ಞಾಪಿಸಿದರು. ಮರುವರ್ಷ ಒಂದು ಔನ್ಸ್ ಚಿನ್ನದ ಬೆಲೆಯನ್ನು 20.67 ಡಾಲರಿನಿಂದ 35 ಡಾಲರಿಗೆ ಏರಿಸಲಾಯಿತು. 1971ರ ಆಗಸ್ಟ್ 15ರಂದು ಅಧ್ಯಕ್ಷ ನಿಕ್ಸನ್ ವಿದೇಶಿ ಸರ್ಕಾರಗಳಿಗೂ ಡಾಲರಿಗೆ ಚಿನ್ನ ಕೊಡುವುದನ್ನು ನಿಲ್ಲಿಸಿದರು. ಅಲ್ಲಿಂದೀಚೆಗೆ ಜಗತ್ತಿನ ಪ್ರಮುಖ ಹಣಗಳೆಲ್ಲವೂ ರಾಜ್ಯದ ಮಾತಿನ ಮೇಲೆ ಮಾತ್ರ ನಿಂತಿವೆ. 1913ರ ಒಂದು ಡಾಲರಿನ ಕೊಳ್ಳುವ ಶಕ್ತಿಯಲ್ಲಿ ಇಂದು ಉಳಿದಿರುವುದು ನಾಲ್ಕು ಸೆಂಟಿಗಿಂತಲೂ ಕಡಿಮೆ.

ಸ್ವಾತಂತ್ರ್ಯವಾದಿಗಳ ಆಕ್ಷೇಪವು ಮೂರು ಮೆಟ್ಟಿಲುಗಳಲ್ಲಿ ಸಾಗುತ್ತದೆ. ಮೊದಲನೆಯದು ಬಡ್ಡಿದರದ ಕುರಿತು. ಬಡ್ಡಿಯೂ ಒಂದು ಬೆಲೆ. ಜನರು ಎಷ್ಟು ಉಳಿಸುತ್ತಿದ್ದಾರೆಂಬ ಸುದ್ದಿಯನ್ನು ಅದು ಉದ್ಯಮಿಗೆ ತಲುಪಿಸುತ್ತದೆ. ಕೇಂದ್ರೀಯ ಬ್ಯಾಂಕು ಹೊಸ ಹಣದ ಮೂಲಕ ಅದನ್ನು ಕೃತಕವಾಗಿ ತಗ್ಗಿಸಿದಾಗ, ಇಲ್ಲದ ಉಳಿತಾಯವನ್ನು ಇದೆಯೆಂದು ನಂಬಿ ಉದ್ಯಮಿಗಳು ದೀರ್ಘಾವಧಿಯ ಯೋಜನೆಗಳಿಗೆ ಕೈಹಾಕುತ್ತಾರೆ. ಕೆಲಕಾಲ ಅಬ್ಬರವಿರುತ್ತದೆ, ನಂತರ ಕುಸಿತ ಬರುತ್ತದೆ. ಮೀಸೆಸ್ 1912ರಲ್ಲಿ ಬೀಜರೂಪದಲ್ಲಿ ಮುಂದಿಟ್ಟ ಈ ವಿವರಣೆಯನ್ನು ಹಾಯೆಕ್ ಬೆಳೆಸಿದರು.

ಎರಡನೆಯದು ಹಂಚಿಕೆಯ ಅನ್ಯಾಯ. ಹೊಸ ಹಣವು ಎಲ್ಲರ ಕೈಗೂ ಒಂದೇ ದಿನ ಬರುವುದಿಲ್ಲ ಎಂಬುದನ್ನು 18ನೆಯ ಶತಮಾನದಲ್ಲಿಯೇ ರಿಚರ್ಡ್ ಕ್ಯಾಂಟಿಲಾನ್ ಗುರುತಿಸಿದ್ದರು. ಅವರ ಗ್ರಂಥವು ಮರಣಾನಂತರ 1755ರಲ್ಲಿ ಪ್ರಕಟವಾಯಿತು. ಹೊಸ ಹಣವನ್ನು ಮೊದಲು ಪಡೆದವರು ಹಳೆಯ ಬೆಲೆಗಳಲ್ಲಿ ಕೊಳ್ಳುತ್ತಾರೆ. ಅದು ಕೂಲಿಗಾರನಿಗೂ ಪಿಂಚಣಿಯಿಂದ ಬದುಕುವ ವೃದ್ಧೆಗೂ ತಲುಪುವ ಹೊತ್ತಿಗೆ ಬೆಲೆಗಳು ಏರಿರುತ್ತವೆ. 2008ರ ಬಿಕ್ಕಟ್ಟಿಗೆ ಮುನ್ನ ಒಂದು ಲಕ್ಷ ಕೋಟಿ ಡಾಲರಿಗಿಂತ ಕಡಿಮೆಯಿದ್ದ ಫೆಡರಲ್ ರಿಸರ್ವಿನ ಆಸ್ತಿಪಟ್ಟಿ 2014ರ ಕೊನೆಗೆ ಸುಮಾರು ನಾಲ್ಕೂವರೆ ಲಕ್ಷ ಕೋಟಿಗೆ ಏರಿದಾಗ, ಮೊದಲು ಚೇತರಿಸಿಕೊಂಡವರು ಯಾರೆಂದು ಈ ಪಂಥದವರು ಕೇಳಿದರು. ಟೆಕ್ಸಾಸಿನ ಸಂಸತ್ ಸದಸ್ಯ ರಾನ್ ಪಾಲ್ 2009ರಲ್ಲಿ ಫೆಡರಲ್ ರಿಸರ್ವನ್ನೇ ಮುಚ್ಚಬೇಕೆಂದು ಒಂದು ಗ್ರಂಥ ಬರೆದರು.

ಮೂರನೆಯದು ರಾಜಕೀಯ. ತೆರಿಗೆ ಹಾಕಲು ಸರ್ಕಾರವು ಜನಪ್ರತಿನಿಧಿಗಳ ಒಪ್ಪಿಗೆ ಪಡೆಯಬೇಕು. ಹಣವನ್ನು ಸೃಷ್ಟಿಸಲು ಆ ಸಂಕೋಚವಿಲ್ಲ. ಯುದ್ಧಗಳೂ ಆಡಂಬರದ ಯೋಜನೆಗಳೂ ಈ ಬಾಗಿಲಿನಿಂದಲೇ ಒಳಬರುತ್ತವೆ. ಆದುದರಿಂದ ಚಿನ್ನದ ಪ್ರಮಾಣಕ್ಕೆ ಮರಳಬೇಕೆಂದು ಕೆಲವರೂ, 1976ರಲ್ಲಿ ಹಾಯೆಕ್ ಸೂಚಿಸಿದಂತೆ ಖಾಸಗಿ ಹಣಗಳು ಪರಸ್ಪರ ಸ್ಪರ್ಧಿಸಲೆಂದು ಇನ್ನು ಕೆಲವರೂ ಹೇಳುತ್ತಾರೆ.

3. ಧರ್ಮಸಭೆಯ ಅಂಗಳದಲ್ಲಿನ ಬೇರುಗಳು

ದೈವಶಾಸ್ತ್ರದ ವಿದ್ಯಾರ್ಥಿಗೆ ಅಚ್ಚರಿಯೆನಿಸುವ ಸಂಗತಿಯೆಂದರೆ, ಈ ವಾದದ ಅತ್ಯುತ್ತಮ ಅಂಶಗಳು ನಮ್ಮ ಪೂರ್ವಜರಲ್ಲಿಯೇ ದೊರೆಯುತ್ತವೆ. 14ನೆಯ ಶತಮಾನದ ಮಧ್ಯಭಾಗದಲ್ಲಿ ಫ್ರಾನ್ಸಿನ ಅರಸರು ಯುದ್ಧದ ಖರ್ಚಿಗಾಗಿ ನಾಣ್ಯದಲ್ಲಿನ ಬೆಳ್ಳಿಯನ್ನು ಪದೇ ಪದೇ ಕಡಿಮೆ ಮಾಡುತ್ತಿದ್ದರು. ಮುಂದೆ 1377ರಲ್ಲಿ ಲಿಸ್ಯೂ ನಗರದ ಧರ್ಮಾಧ್ಯಕ್ಷರಾದ ನಿಕೋಲ್ ಒರೆಮ್ ಆಗ ನಾಣ್ಯದ ಬಗ್ಗೆ ಒಂದು ಗ್ರಂಥವನ್ನೇ ಬರೆದರು. ನಾಣ್ಯದ ಮೇಲೆ ಅರಸನ ಮುಖವಿದ್ದರೂ ನಾಣ್ಯವು ಅರಸನದಲ್ಲ, ಅದನ್ನು ಬಳಸುವ ಸಮುದಾಯದ್ದು. ಅದನ್ನು ಬೆರಕೆ ಮಾಡಿ ಲಾಭ ಪಡೆಯುವುದು ಅನ್ಯಾಯದ ಬಡ್ಡಿಗಿಂತಲೂ ಕೆಟ್ಟದ್ದು ಎಂದು ಅವರು ತೀರ್ಮಾನಿಸಿದರು. ಸಾಲಗಾರನಾದರೂ ತಿಳಿದು ಬಡ್ಡಿ ಕೊಡುತ್ತಾನೆ. ಬೆರಕೆ ನಾಣ್ಯದಿಂದ ಪ್ರಜೆಯು ತನಗೆ ಅರಿವಿಲ್ಲದೆಯೇ ಕಳೆದುಕೊಳ್ಳುತ್ತಾನೆ.

ಅಮೆರಿಕ ಖಂಡದ ಚಿನ್ನ ಬೆಳ್ಳಿಗಳು ಸ್ಪೇನಿಗೆ ಹರಿದುಬಂದಾಗ ಬೆಲೆಗಳು ಏರಿದವು. ಹಣವು ವಿರಳವಾದೆಡೆ ಅದರ ಮೌಲ್ಯ ಹೆಚ್ಚು, ಹೇರಳವಾದೆಡೆ ಕಡಿಮೆ ಎಂದು 1556ರಲ್ಲಿ ಸಲಮಾಂಕದ ಗುರುವರ್ಯ ಮಾರ್ಟಿನ್ ದೆ ಅಸ್ಪಿಲ್ಕುಯೆಟಾ ವಿವರಿಸಿದರು. ಅವರದು ಪಾಪನಿವೇದನೆ ಕೇಳುವ ಗುರುಗಳಿಗಾಗಿ ಬರೆದ ನೀತಿಶಾಸ್ತ್ರ. ಹಣ ವಿನಿಮಯ ಮಾಡುವ ವರ್ತಕನು ಪಾಪ ಮಾಡುತ್ತಿದ್ದಾನೆಯೇ ಎಂಬ ಪ್ರಶ್ನೆಗೆ ಉತ್ತರಿಸುತ್ತಾ ಅವರು ಆ ನಿಯಮವನ್ನು ಕಂಡುಕೊಂಡರು. ಯೇಸುಸಭೆಯ ಹ್ವಾನ್ ದೆ ಮಾರಿಯಾನಾ 1609ರಲ್ಲಿ ಮೂರನೆಯ ಫಿಲಿಪ್ಪನ ತಾಮ್ರದ ನಾಣ್ಯಗಳನ್ನು ಟೀಕಿಸಿದರು. ಅರಸನು ಪ್ರಜೆಗಳ ಆಸ್ತಿಯ ಒಡೆಯನಲ್ಲ. ಅವರ ಒಪ್ಪಿಗೆಯಿಲ್ಲದೆ ತೆರಿಗೆ ಹಾಕುವಂತಿಲ್ಲ. ನಾಣ್ಯದ ಬೆರಕೆಯು ಮುಸುಕು ಹಾಕಿದ ತೆರಿಗೆ ಎಂಬ ಅವರ ವಾದಕ್ಕೆ ದೊರೆತ ಪ್ರತಿಫಲ ಸೆರೆವಾಸ. ಆಗ ಅವರ ವಯಸ್ಸು ಎಪ್ಪತ್ತು ದಾಟಿತ್ತು.

1974ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಸ್ಮಾರಕ ಪುರಸ್ಕಾರ ಪಡೆದಾಗ ಹಾಯೆಕ್ ತಮ್ಮ ಉಪನ್ಯಾಸದಲ್ಲಿ ಯೇಸುಸಭೆಯ ಲೂಯಿಸ್ ದೆ ಮೊಲಿನಾ ಮತ್ತು ಹ್ವಾನ್ ದೆ ಲೂಗೋ ಅವರನ್ನು ಸ್ಮರಿಸಿದರು. ಗಣಿತದಷ್ಟು ನಿಖರವಾದ ಬೆಲೆಯು ಅಸಂಖ್ಯಾತ ಸಂದರ್ಭಗಳನ್ನು ಅವಲಂಬಿಸಿರುವುದರಿಂದ ಅದು ದೇವರೊಬ್ಬರಿಗೇ ತಿಳಿದಿದೆ ಎಂದು ಆ ಗುರುಗಳು ಹೇಳಿದ್ದರು. ಸರ್ವಜ್ಞತೆಯು ದೇವರ ಗುಣ, ಯೋಜಕನದಲ್ಲ ಎಂಬ ಈ ವಿನಯವನ್ನು ನಾವು ಸ್ವಾತಂತ್ರ್ಯವಾದಿಗಳಿಂದ ಎರವಲು ಪಡೆಯಬೇಕಾಗಿಲ್ಲ. ಅವರೇ ನಮ್ಮವರಿಂದ ಪಡೆದಿದ್ದಾರೆ.

4. ದಾರಿಗಳು ಕವಲೊಡೆಯುವಲ್ಲಿ

ಹಾಗಾದರೆ ಒರೆಮ್ ಮತ್ತು ಮಾರಿಯಾನಾ ಸ್ವಾತಂತ್ರ್ಯವಾದಿಗಳೇ? ಅಲ್ಲವೆಂದು ನಾವು ಭಾವಿಸುತ್ತೇವೆ. ನಾಣ್ಯವು ಅರಸನದಲ್ಲ ಎಂದ ಒರೆಮ್, ಅದು ವ್ಯಕ್ತಿಯೊಬ್ಬನ ಖಾಸಗಿ ವಸ್ತುವೆಂದು ಮಾತ್ರ ಹೇಳಿ ನಿಲ್ಲಲಿಲ್ಲ, ಸಮುದಾಯದ್ದೆಂದರು. ಮಹಾ ಆಪತ್ತಿನ ಕಾಲದಲ್ಲಿ ಸಮುದಾಯವೇ ತನ್ನ ಒಪ್ಪಿಗೆಯಿಂದ ನಾಣ್ಯವನ್ನು ಬದಲಿಸಬಹುದೆಂಬುದಕ್ಕೂ ಅವರು ಎಡೆಕೊಟ್ಟರು. ಅರಸನ ದುರಾಸೆಗೆ ಅವರು ಕಂಡ ಮದ್ದು ಸಮುದಾಯಕ್ಕೆ ಉತ್ತರ ಕೊಡಬೇಕಾದ ಅಧಿಕಾರ. ಅಧಿಕಾರವೇ ಇಲ್ಲದ ಸ್ಥಿತಿಯಲ್ಲ.

ಮೂಲಭೂತವಾದ ಭೇದವಿರುವುದು ಆಸ್ತಿಯ ಪರಿಕಲ್ಪನೆಯಲ್ಲಿ. ಸಂತ ಥಾಮಸ್ ಅಕ್ವಿನಾಸರು ಖಾಸಗಿ ಆಸ್ತಿಯನ್ನು ನ್ಯಾಯವೆಂದು ಒಪ್ಪುತ್ತಾರೆ. ತನ್ನದೆಂಬುದನ್ನು ಮನುಷ್ಯನು ಹೆಚ್ಚು ಜತನದಿಂದ ನೋಡಿಕೊಳ್ಳುತ್ತಾನೆಂಬ ಲೋಕಾನುಭವವನ್ನೂ ಅವರು ಕಾರಣವಾಗಿ ಕೊಡುತ್ತಾರೆ. ಆದರೆ ಸೃಷ್ಟಿಯ ಸಂಪತ್ತು ಮೂಲತಃ ಎಲ್ಲರ ಪೋಷಣೆಗಾಗಿ ಇರುವುದರಿಂದ, ಪ್ರಾಣಸಂಕಟದಲ್ಲಿರುವವನು ಇನ್ನೊಬ್ಬರ ಅನ್ನವನ್ನು ತೆಗೆದುಕೊಂಡರೆ ಅದು ಕಳ್ಳತನವಲ್ಲ ಎಂದೂ ಅವರೇ ಬೋಧಿಸುತ್ತಾರೆ. ರಾತ್‌ಬಾರ್ಡ್ ಇದಕ್ಕೆ ತದ್ವಿರುದ್ಧವಾದ ತುದಿಯನ್ನು ಮುಟ್ಟಿದರು. 1982ರ ತಮ್ಮ ನೀತಿಗ್ರಂಥದಲ್ಲಿ, ಮಗುವಿಗೆ ಉಣಿಸಲೇಬೇಕೆಂಬ ಕಾನೂನಿನ ಕರ್ತವ್ಯವನ್ನು ತಂದೆತಾಯಿಗಳ ಮೇಲೆ ಹೇರಲಾಗದು ಎಂಬಲ್ಲಿಗೆ ಅವರ ತರ್ಕ ತಲುಪಿತು. ನೈತಿಕ ಕರ್ತವ್ಯ ಬೇರೆ, ಕಾನೂನು ಬೇರೆ ಎಂಬುದು ಅವರ ಸಮಾಧಾನ. ಒಪ್ಪಂದವಿಲ್ಲದೆ ಯಾವ ಋಣವೂ ಇಲ್ಲವೆಂಬ ಆರಂಭಬಿಂದುವಿನಿಂದ ಹೊರಟರೆ ಈ ತೀರ್ಮಾನ ತಪ್ಪಿದ್ದಲ್ಲ. ನಮ್ಮ ವಿಶ್ವಾಸದ ಪ್ರಕಾರ ಮನುಷ್ಯನು ಋಣಿಯಾಗಿಯೇ ಹುಟ್ಟುತ್ತಾನೆ. ಪಡೆದುದರಿಂದಲೇ ಅವನ ಬದುಕು ಆರಂಭವಾಗುತ್ತದೆ.

ಕೂಲಿಯ ವಿಷಯದಲ್ಲಿಯೂ ಇದೇ ಭೇದ. 1891ರ ‘ರೇರುಮ್ ನೊವಾರುಮ್’ ಪರಿಪತ್ರದಲ್ಲಿ ಪೋಪ್ 13ನೆಯ ಲಿಯೋ ಅವರು ಆಸ್ತಿಯ ಹಕ್ಕನ್ನು ಸಮಾಜವಾದದ ವಿರುದ್ಧ ಬಲವಾಗಿ ಸಮರ್ಥಿಸಿದರು. ಆದರೆ ಹಸಿವಿನ ಒತ್ತಡದಲ್ಲಿ ಕಾರ್ಮಿಕನು ಒಪ್ಪಿದ ಮಾತ್ರಕ್ಕೆ ಕೂಲಿ ನ್ಯಾಯವಾಗುವುದಿಲ್ಲ, ಒಪ್ಪಂದಕ್ಕಿಂತ ಹಿರಿದಾದ ನೈಸರ್ಗಿಕ ನ್ಯಾಯವೊಂದಿದೆ ಎಂದರು. 1931ರಲ್ಲಿ ಪೋಪ್ 11ನೆಯ ಪಿಯುಸ್ ಅವರು, ಸಣ್ಣ ಸಮುದಾಯಗಳು ತಾವೇ ಮಾಡಬಲ್ಲುದನ್ನು ದೊಡ್ಡ ಸಂಸ್ಥೆಗಳು ಕಸಿದುಕೊಳ್ಳುವುದು ಅನ್ಯಾಯವೆಂಬ ಪೂರಕತೆಯ ತತ್ತ್ವವನ್ನು ಮುಂದಿಟ್ಟರು. ರಾಜ್ಯವನ್ನು ಹದ್ದಿನಲ್ಲಿಡುವ ಈ ಮಾತು ಸ್ವಾತಂತ್ರ್ಯವಾದಿಗಳಿಗೆ ಪ್ರಿಯ. ಅದೇ ಪರಿಪತ್ರದಲ್ಲಿ, ಹಣವನ್ನೂ ಸಾಲವನ್ನೂ ಹಿಡಿತದಲ್ಲಿಟ್ಟುಕೊಂಡ ಕೆಲವರು ಇಡೀ ಆರ್ಥಿಕ ಜೀವನದ ಉಸಿರನ್ನೇ ಹಿಡಿದಿದ್ದಾರೆಂಬ ಎಚ್ಚರಿಕೆಯೂ ಇದೆ. ಅಲ್ಲಿ ಅವರು ದೂಷಿಸಿದ್ದು ಅಂಕೆಯಿಲ್ಲದ ಸ್ಪರ್ಧೆಯಿಂದ ಬೆಳೆದ ಆರ್ಥಿಕ ಸರ್ವಾಧಿಕಾರವನ್ನು.

5. ಗಟ್ಟಿ ನಾಣ್ಯದಿಂದ ನೊಂದವರು

ಹಣದುಬ್ಬರವು ಉಳಿತಾಯ ಮಾಡಿದವರನ್ನು ದೋಚುತ್ತದೆ ಎಂಬುದು ನಿಜ. 1923ರ ನವೆಂಬರಿನಲ್ಲಿ ಜರ್ಮನಿಯಲ್ಲಿ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕುಗಳಾದಾಗ ಮಧ್ಯಮ ವರ್ಗದ ಜೀವಮಾನದ ಉಳಿತಾಯ ಕಾಗದದ ಚೂರಾಯಿತು. ಆದರೆ ಹಣದ ಮೌಲ್ಯ ಏರುವುದೂ ಒಬ್ಬರಿಂದ ಕಿತ್ತು ಮತ್ತೊಬ್ಬರಿಗೆ ಕೊಡುತ್ತದೆ. 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಕೇಂದ್ರೀಯ ಬ್ಯಾಂಕಿಲ್ಲದ, ಚಿನ್ನದ ಪ್ರಮಾಣದ ಅಮೆರಿಕದಲ್ಲಿ ಬೆಳೆಗಳ ಬೆಲೆ ಇಳಿಯುತ್ತಾ ಹೋಯಿತು. ಸಾಲದ ಮೊತ್ತ ಮಾತ್ರ ಇಳಿಯಲಿಲ್ಲ. ಒಂದು ಮೂಟೆ ಗೋಧಿಯಿಂದ ತೀರುತ್ತಿದ್ದ ಕಂತಿಗೆ ರೈತನು ಹೆಚ್ಚು ಮೂಟೆಗಳನ್ನು ಮಾರಬೇಕಾಯಿತು. 1896ರಲ್ಲಿ ವಿಲಿಯಂ ಜೆನ್ನಿಂಗ್ಸ್ ಬ್ರಯನ್ ಚಿಕಾಗೊ ಸಮಾವೇಶದಲ್ಲಿ ಚಿನ್ನದ ಶಿಲುಬೆಯ ರೂಪಕವನ್ನು ಬಳಸಿದ್ದು ಈ ರೈತರ ಪರವಾಗಿ. 1873, 1893, 1907ರ ಬ್ಯಾಂಕ್ ಕುಸಿತಗಳಿಗೂ ಫೆಡರಲ್ ರಿಸರ್ವ್ ಕಾರಣವಾಗಿರಲಿಲ್ಲ. ಅದು ಆಗ ಹುಟ್ಟಿಯೇ ಇರಲಿಲ್ಲ.

1929ರ ನಂತರದ ಮಹಾಕುಸಿತದ ವಿಷಯದಲ್ಲಂತೂ ಮುಕ್ತ ಮಾರುಕಟ್ಟೆಯ ಪಕ್ಷಪಾತಿಗಳಲ್ಲಿಯೇ ಒಮ್ಮತವಿಲ್ಲ. ಹಿಂದಿನ ಅಗ್ಗದ ಸಾಲವೇ ಅದಕ್ಕೆ ಮೂಲವೆಂದು ರಾತ್‌ಬಾರ್ಡ್ ಹೇಳಿದರೆ, ಮಿಲ್ಟನ್ ಫ್ರೀಡ್‌ಮನ್ ಮತ್ತು ಆನಾ ಶ್ವಾರ್ಟ್ಸ್ 1963ರ ತಮ್ಮ ಗ್ರಂಥದಲ್ಲಿ, ದೇಶದ ಹಣದ ಮೊತ್ತವು ಸುಮಾರು ಮೂರನೆಯ ಒಂದು ಭಾಗದಷ್ಟು ಕುಗ್ಗಲು ಬಿಟ್ಟದ್ದೇ ಫೆಡರಲ್ ರಿಸರ್ವಿನ ಅಪರಾಧವೆಂದರು. 1933ರಲ್ಲಿ ಅಮೆರಿಕದ ದುಡಿಯುವವರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. ಬಡವನನ್ನು ಹಣದ ಹೆಚ್ಚಳದಿಂದಲೂ ಕೊಲ್ಲಬಹುದು, ಅದರ ಅಭಾವದಿಂದಲೂ ಕೊಲ್ಲಬಹುದು.

ಅರ್ಜೆಂಟೀನಾ ಇದಕ್ಕೆ ಇತ್ತೀಚಿನ ನಿದರ್ಶನ. ಪೋಪ್ ಫ್ರಾನ್ಸಿಸರ ತಾಯ್ನಾಡಾದ ಅಲ್ಲಿ 2023ರ ವಾರ್ಷಿಕ ಹಣದುಬ್ಬರ ಶೇ. 211. ಕೇಂದ್ರೀಯ ಬ್ಯಾಂಕನ್ನು ಮುಚ್ಚುವ ಮಾತು ಕೊಟ್ಟ ಹಾವಿಯೆರ್ ಮಿಲೇ ಆ ವರ್ಷ ಅಧ್ಯಕ್ಷರಾದರು. ಸರ್ಕಾರದ ಖರ್ಚನ್ನು ಅವರು ತೀವ್ರವಾಗಿ ಕಡಿತಗೊಳಿಸಿದರು. 2023ರ ಡಿಸೆಂಬರಿನಲ್ಲಿ ಶೇ. 25.5 ಇದ್ದ ಮಾಸಿಕ ಹಣದುಬ್ಬರ ಒಂದು ವರ್ಷದಲ್ಲಿ ಶೇ. 2.7ಕ್ಕೆ ಇಳಿಯಿತು. ಬಡತನದಲ್ಲಿದ್ದವರ ಪ್ರಮಾಣವು 2024ರ ಮೊದಲಾರ್ಧದಲ್ಲಿ ಶೇ. 52.9ಕ್ಕೆ ಏರಿ, ಎರಡನೆಯ ಅರ್ಧದಲ್ಲಿ ಶೇ. 38.1ಕ್ಕೆ ಇಳಿಯಿತು. ವಾದದ ಎರಡೂ ಪಕ್ಷಗಳಿಗೆ ಇಲ್ಲಿ ಸಾಕ್ಷ್ಯವಿದೆ. ಹಣದುಬ್ಬರವನ್ನು ನಿಲ್ಲಿಸಿದ್ದು ಬಡವರಿಗೆ ಉಪಕಾರವಾಯಿತು. ಆ ನಡುವಿನ ತಿಂಗಳುಗಳ ಬೆಲೆಯನ್ನು ತೆತ್ತವರಲ್ಲಿಯೂ ಬಡವರೇ ಮುಂದಿದ್ದರು.

6. ನಮ್ಮ ನಾಡಿನ ಒಂದು ಧ್ವನಿ

ಈ ಚರ್ಚೆ ನಮಗೆ ತೀರ ಪರಕೀಯವಲ್ಲ. ಅಂದಿನ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಬೆಳ್ಳಿಕೋತಿನಲ್ಲಿ 1905ರಲ್ಲಿ ಜನಿಸಿದ ಬಿ. ಆರ್. ಶೆಣೈ ಅವರು ಲಂಡನ್ನಿನಲ್ಲಿ ಅರ್ಥಶಾಸ್ತ್ರವನ್ನು ಅಭ್ಯಸಿಸಿ, ಮುಂದೆ ಹಾಯೆಕ್ ಸ್ಥಾಪಿಸಿದ ಮಾಂಟ್ ಪೆಲೆರಿನ್ ಸಂಘದ ಸದಸ್ಯರಾದರು. ಎರಡನೆಯ ಪಂಚವಾರ್ಷಿಕ ಯೋಜನೆಯ ಕರಡನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರ ಸಮಿತಿಯಲ್ಲಿ, 1955ರಲ್ಲಿ ಭಿನ್ನಮತದ ಟಿಪ್ಪಣಿ ಬರೆದವರು ಅವರೊಬ್ಬರೇ. ನಿಜವಾದ ಉಳಿತಾಯವನ್ನು ಮೀರಿ ಕೊರತೆಯ ಹಣದಿಂದ ಯೋಜನೆ ನಡೆಸಿದರೆ ಬೆಲೆಗಳು ಏರುವುವು, ಅದನ್ನು ತಡೆಯಲು ಹೇರುವ ನಿಯಂತ್ರಣಗಳು ಪ್ರಜಾಸತ್ತೆಗೇ ಕುಂದು ತರುವುವು ಎಂಬುದು ಅವರ ಎಚ್ಚರಿಕೆ. 1,200 ಕೋಟಿ ರೂಪಾಯಿಗಳ ಕೊರತೆಯ ಹಣವನ್ನು ಆಧರಿಸಿದ್ದ ಆ ಯೋಜನೆಯು ಆರಂಭವಾದ ಮರುವರ್ಷವೇ ವಿದೇಶಿ ವಿನಿಮಯದ ತೀವ್ರ ಬಿಕ್ಕಟ್ಟಿಗೆ ಸಿಲುಕಿತು. ಇಂದು ಭಾರತೀಯ ರಿಸರ್ವ್ ಬ್ಯಾಂಕು ಹಣದುಬ್ಬರವನ್ನು ಶೇ. 4ರ ಸುತ್ತ, ಎರಡಂಶ ಹೆಚ್ಚು ಕಡಿಮೆಯ ಮಿತಿಯೊಳಗೆ ಇರಿಸುವ ಹೊಣೆ ಹೊತ್ತಿದೆ. 2016ರ ತಿದ್ದುಪಡಿಯ ಪ್ರಕಾರ, ಆ ಮಿತಿಯಲ್ಲಿಡಲು ವಿಫಲವಾದರೆ ಅದು ಕಾರಣಗಳನ್ನು ಸರ್ಕಾರಕ್ಕೆ ಬರೆದು ತಿಳಿಸಬೇಕು. ನಾಣ್ಯದ ಒಡೆತನ ಸಮುದಾಯದ್ದೆಂದ ಒರೆಮರ ಮಾತಿಗೆ ಇದು ಒಂದು ಅಪೂರ್ಣ, ಆದರೂ ಯೋಗ್ಯವಾದ ಪ್ರತಿಧ್ವನಿ.

7. ಗುರುಗಳ ಹೊಣೆ

ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ, ಆಧುನಿಕ ಲೋಕದಲ್ಲಿ ಧರ್ಮಸಭೆಯ ಕುರಿತಾದ ತನ್ನ ಸಂವಿಧಾನದ 70ನೆಯ ಪರಿಚ್ಛೇದದಲ್ಲಿ ಹಣದ ವಿಷಯವನ್ನೇ ನೇರವಾಗಿ ಎತ್ತಿಕೊಂಡಿದೆ: ಹಣದ ಮೌಲ್ಯದ ಬದಲಾವಣೆಯಿಂದ ಆರ್ಥಿಕವಾಗಿ ದುರ್ಬಲವಾದ ದೇಶಗಳು ಅನ್ಯಾಯವಾಗಿ ನಷ್ಟಪಡದಂತೆ ಎಚ್ಚರ ವಹಿಸಬೇಕೆಂದು ಅದು ಕೇಳುತ್ತದೆ. 1991ರ ಪರಿಪತ್ರದಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಅವರು ಮುಕ್ತ ಮಾರುಕಟ್ಟೆಯ ಸಾಮರ್ಥ್ಯವನ್ನು ಮನಃಪೂರ್ವಕವಾಗಿ ಒಪ್ಪುತ್ತಲೇ, ಸ್ಥಿರವಾದ ಹಣವನ್ನು ಕಾಪಾಡುವುದು ರಾಜ್ಯದ ಕರ್ತವ್ಯಗಳಲ್ಲೊಂದೆಂದೂ ಮಾರುಕಟ್ಟೆಯಲ್ಲಿ ಕೊಳ್ಳಲಾಗದ ಮಾನವ ಅಗತ್ಯಗಳಿವೆಯೆಂದೂ ಬೋಧಿಸಿದರು.

ಬಡ್ಡಿದರ ಎಷ್ಟಿರಬೇಕೆಂದು ಹೇಳುವುದು ಗುರುಗಳ ಕೆಲಸವಲ್ಲ. ಚಿನ್ನವೋ ಕಾಗದವೋ ಎಂಬುದು ವಿಶ್ವಾಸದ ಪ್ರಶ್ನೆಯೂ ಅಲ್ಲ. ಆದರೆ ಹಣವು ಅಳತೆಯಾಗಿರುವವರೆಗೆ ಆಮೋಸನ ಪ್ರಶ್ನೆ ನಮ್ಮ ಪ್ರಶ್ನೆಯೇ ಆಗಿರುತ್ತದೆ. ಯಾವುದೇ ಆರ್ಥಿಕ ನೀತಿಯನ್ನು ಬೋಧಿಸುವಾಗಲೂ ವಿಮರ್ಶಿಸುವಾಗಲೂ ನಾವು ಮೂರು ಮಾತುಗಳನ್ನು ಕೇಳಬೇಕು. ಹೊಸ ಹಣವು ಮೊದಲು ಯಾರ ಕೈ ಸೇರುತ್ತದೆ, ಕೊನೆಗೆ ಯಾರ ಕೈ ಸೇರುತ್ತದೆ? ಅಳತೆಯನ್ನು ಬದಲಿಸುವವರು ಅದನ್ನು ಬಹಿರಂಗವಾಗಿ, ಜನರಿಗೆ ಉತ್ತರ ಕೊಡುವ ರೀತಿಯಲ್ಲಿ ಮಾಡುತ್ತಿದ್ದಾರೆಯೇ? ಅಳತೆ ನೆಟ್ಟಗಿದ್ದಾಗಲೂ ತೂಗಲು ಏನೂ ಇಲ್ಲದವನಿಗೆ ಸಮುದಾಯವು ಏನು ಮಾಡುತ್ತದೆ? ಮೊದಲೆರಡು ಪ್ರಶ್ನೆಗಳನ್ನು ಕೇಳಲು ಸ್ವಾತಂತ್ರ್ಯವಾದಿಗಳು ನಮಗೆ ನೆರವಾಗುತ್ತಾರೆ. ಅದಕ್ಕಾಗಿ ಅವರಿಗೆ ಕೃತಜ್ಞರಾಗಿರೋಣ. ಮೂರನೆಯದನ್ನು ಧರ್ಮಸಭೆಯೇ ಕೇಳಬೇಕು; ಅದನ್ನು ಕೇಳುವ ಶಕ್ತಿ ಒಪ್ಪಂದದ ತತ್ತ್ವಕ್ಕೆ ಇಲ್ಲ.